ಹಾಸ್ಟೆಲ್‌ಗೆ ಮೊಬೈಲ್ ಜಾಮರ್ ಹಾಕಿಸಬಹುದಾ? ಗೊತ್ತಿದ್ದವರು ಹೇಳಿ

ವಾರ್ಡನ್ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಖಾಸಗಿ ಪಿಯು ಕಾಲೇಜಿನ ಹುಡುಗರ ಹಾಸ್ಟೆಲ್. ಮೂರು ಮಹಡಿ, ನೂರಿಪ್ಪತ್ತು ಹುಡುಗರು. ಹನ್ನೊಂದಕ್ಕೆ ಲೈಟ್ ಆರಿಸುತ್ತೇವೆ. ಆಮೇಲೆ ಕಾರಿಡಾರ್‌ನಲ್ಲಿ ಓಡಾಡಿದರೆ ಪ್ರತಿ ರೂಮಿನಲ್ಲೂ ಹೊದಿಕೆಯೊಳಗೆ ನೀಲಿ ಬೆಳಕು. ಒಂದು ಫೋನ್ ಕಿತ್ತುಕೊಂಡರೆ ಎರಡನೆಯದು ಬರುತ್ತದೆ. ಹೋದ ವಾರ ಮನೆಯಿಂದ ಬಂದ ಅವಲಕ್ಕಿ ಡಬ್ಬದಲ್ಲಿ ಫೋನ್ ಸಿಕ್ಕಿತು.

ಆಡಳಿತ ಮಂಡಳಿಯವರು ಜಾಮರ್, ಅಂದರೆ ಮೊಬೈಲ್ ಸಿಗ್ನಲ್ ಕೆಡಿಸುವ ಯಂತ್ರ, ಹಾಕಿಸೋಣ ಅಂತಿದ್ದಾರೆ. ಒಬ್ಬ ವ್ಯಾಪಾರಿ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದ್ದಾನೆ. ಕಪ್ಪು ಪೆಟ್ಟಿಗೆ, ಮೇಲೆ ಸಾಲಾಗಿ ಎಂಟು ಆಂಟೆನಾ, ಹಿಂದೆ ಫ್ಯಾನ್. 'ನಿಮ್ಮ ಬಿಲ್ಡಿಂಗ್ ಬಿಟ್ಟು ಒಂದು ಅಡಿ ಆಚೆ ಹೋಗಲ್ಲ ಸಾರ್, ಗ್ಯಾರಂಟಿ' ಅಂದ. ಬಿಲ್ ಕೇಳಿದರೆ ಕ್ಯಾಶ್ ಕೊಡಿ ಅಂದ. ಪಾರ್ಸಲ್ ಮೇಲೆ ವೈಫೈ ರೌಟರ್ ಅಂತ ಬರೆದಿರುತ್ತದಂತೆ.

ಇದು ಕಾನೂನು ಪ್ರಕಾರ ಸರಿಯಾ? ಬೇರೆ ಹಾಸ್ಟೆಲ್‌ನವರು ಹಾಕಿಸಿದ್ದೀರಾ?

ಸುಮ್ನೆ ಓದುಗ

ಬಿಲ್ ಇಲ್ಲ, ಪಾರ್ಸಲ್ ಮೇಲೆ ಸುಳ್ಳು ಹೆಸರು. ನಿಮ್ಮ ಪ್ರಶ್ನೆಗೆ ಆ ವ್ಯಾಪಾರಿಯೇ ಉತ್ತರ ಕೊಟ್ಟುಬಿಟ್ಟಿದ್ದಾನಲ್ಲ ಮೇಷ್ಟ್ರೇ.

ಕರಿಕೋಟು, ಮೈಸೂರು

ವಕೀಲನಾಗಿ ನೇರವಾಗಿ ಹೇಳುತ್ತೇನೆ. ಹಾಕಿಸಬೇಡಿ. ಕೊಳ್ಳುವುದೂ ಬೇಡ.

ದೂರಸಂಪರ್ಕ ಇಲಾಖೆ 2022ರ ಜುಲೈನಲ್ಲಿ ಸಾರ್ವಜನಿಕರಿಗೆ ಒಂದು ಸೂಚನೆ ಹೊರಡಿಸಿತು. ಕೇಂದ್ರ ಸರ್ಕಾರ ನಿರ್ದಿಷ್ಟವಾಗಿ ಅನುಮತಿ ಕೊಟ್ಟ ಕಡೆ ಬಿಟ್ಟು ಮೊಬೈಲ್ ಜಾಮರ್, ಜಿಪಿಎಸ್ ಜಾಮರ್, ಇನ್ಯಾವುದೇ ಸಿಗ್ನಲ್ ತಡೆಯುವ ಸಾಧನ ಬಳಸುವುದು ಕಾನೂನುಬಾಹಿರ. ಖಾಸಗಿ ಸಂಸ್ಥೆಗಳಾಗಲಿ ವ್ಯಕ್ತಿಗಳಾಗಲಿ ಜಾಮರ್ ಕೊಳ್ಳುವಂತೆಯೇ ಇಲ್ಲ. ಜಾಹೀರಾತು, ಮಾರಾಟ, ಹಂಚಿಕೆ, ಆಮದು ಎಲ್ಲಕ್ಕೂ ಅದೇ ನಿಯಮ. ಅದೇ ವರ್ಷ ಜನವರಿಯಲ್ಲೇ ಆನ್‌ಲೈನ್ ಮಾರಾಟ ತಾಣಗಳಿಗೂ ಎಚ್ಚರಿಕೆ ಹೋಗಿತ್ತು. ನಿಮ್ಮದು ಖಾಸಗಿ ಕಾಲೇಜು. ಹಾಗಾಗಿ ಅರ್ಜಿ ಹಾಕಿ ಅನುಮತಿ ತರುತ್ತೇನೆ ಅನ್ನುವ ದಾರಿಯೂ ಇಲ್ಲ.

'ಎಷ್ಟು ದಂಡ ಬೀಳಬಹುದು, ನೂರೋ ಇನ್ನೂರೋ' ಅನ್ನುವವರೂ ಇದ್ದಾರೆ. ಅದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದ ಮಾತು. ಆಗ ಲೈಸೆನ್ಸ್ ಇಲ್ಲದೆ ಉಪಕರಣ ಇಟ್ಟುಕೊಂಡರೆ ಮೊದಲ ಸಲಕ್ಕೆ 100 ರೂಪಾಯಿ ದಂಡ ಇತ್ತು. ಆದರೆ ಆ ಕಾಯ್ದೆಯಲ್ಲೂ ಪ್ರಸಾರ ಮಾಡುವ ಯಂತ್ರಕ್ಕೆ 3 ವರ್ಷದವರೆಗೆ ಜೈಲು ಇತ್ತು. ಜಾಮರ್ ಕೂಡ ಪ್ರಸಾರ ಮಾಡುವ ಯಂತ್ರವೇ. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದರಲ್ಲಿ ಅನುಮತಿ ಇಲ್ಲದೆ ದೂರಸಂಪರ್ಕ ಸೇವೆ ಕೊಟ್ಟರೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಕೇಸಿಗೆ ಇದೇ ಕಲಂ ಅಂತ ಹೇಳುತ್ತಿಲ್ಲ. ಸರ್ಕಾರ ಈಗ ಯಾವ ಲೆಕ್ಕದಲ್ಲಿ ಯೋಚಿಸುತ್ತಿದೆ ಅನ್ನೋದಕ್ಕೆ ಹೇಳಿದೆ.

ಇನ್ನೊಂದು ವಿಷಯ. ಕೇಸು ಬಿದ್ದರೆ ಆಡಳಿತ ಮಂಡಳಿಯವರು 'ವಾರ್ಡನ್ ತಂದಿಟ್ಟ, ನಮಗೆ ಗೊತ್ತಿಲ್ಲ' ಅಂತಾರೆ. ಬರೆದಿಟ್ಟುಕೊಳ್ಳಿ.

ವಾರ್ಡನ್ ಮೇಷ್ಟ್ರು, ದಾವಣಗೆರೆ

ಸರ್, ಹಾಗಾದರೆ ಪರೀಕ್ಷಾ ಕೇಂದ್ರಗಳಲ್ಲಿ ಹಾಕುತ್ತಾರಲ್ಲ? ಜೈಲಿನಲ್ಲೂ ಇದೆ. ಕೊನೆಯ ಮಾತು ಮಾತ್ರ ಎದೆಗೆ ನಾಟಿತು.

ಕರಿಕೋಟು, ಮೈಸೂರು

ಅದು ಬೇರೆ ದಾರಿ. ರಾಜ್ಯ ಸರ್ಕಾರ, ಪೊಲೀಸ್, ಸೇನೆ, ಜೈಲು, ಇಂಥವರಿಗೆ ಸಂಪುಟ ಸಚಿವಾಲಯದ ಮಾರ್ಗಸೂಚಿ ಇದೆ. ಪರೀಕ್ಷೆ ನಡೆಸುವ ಸರ್ಕಾರಿ ಸಂಸ್ಥೆಗಳು ಕಡಿಮೆ ಶಕ್ತಿಯ ಜಾಮರ್‌ಗಳನ್ನು ಅನುಮತಿ ಪಡೆದು, ಪರೀಕ್ಷೆಯ ಹೊತ್ತಿಗೆ ಮಾತ್ರ ಬಳಸುತ್ತವೆ. ಯಂತ್ರವನ್ನು ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್‌ನಂಥ ಸರ್ಕಾರಿ ಕಂಪನಿಗಳಿಂದ ತರಬೇಕು. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆಯಲ್ಲಿ ಬ್ಲೂಟೂತ್ ಹಗರಣ ಆಯಿತಲ್ಲ, ಅಂಥದ್ದಕ್ಕೆ ಇರುವ ವ್ಯವಸ್ಥೆ ಅದು. ಹಾಸ್ಟೆಲ್ ಹುಡುಗರು ರೀಲ್ಸ್ ನೋಡುವುದಕ್ಕಲ್ಲ.

ಕುಡ್ಲದ ಜವನೆರ್

ಜೈಲಿನ ಮಾತು ಬಂತಲ್ಲ, ಹೇಳಲೇಬೇಕು. ನಾನು ಸುರತ್ಕಲ್ ಕಡೆಯವ, ನನಗೇನೂ ತೊಂದರೆ ಆಗಿಲ್ಲ. ಆದರೆ 2025ರಲ್ಲಿ ಮಂಗಳೂರಿನ ಪೇಪರ್ ಓದಿದವರಿಗೆಲ್ಲ ಗೊತ್ತು. ಕೊಡಿಯಾಲ್‌ಬೈಲಿನ ಜಿಲ್ಲಾ ಜೈಲಿಗೆ ಹೊಸ ಜಾಮರ್ ಬಂತು. ಜೈಲು ಊರ ನಟ್ಟನಡುವೆ ಇದೆ. ಸುತ್ತ ಅಂಗಡಿ, ಮನೆ, ಕೋರ್ಟು, ವಕೀಲರ ಆಫೀಸು. ಅವರ ನೆಟ್‌ವರ್ಕೂ ಹೋಯಿತು. ಕರೆ ಇಲ್ಲ, ಯುಪಿಐ ಇಲ್ಲ. ಜನ ಬೀದಿಗಿಳಿದು ಪ್ರತಿಭಟನೆ ಮಾಡಿದರು. ಬೆಂಗಳೂರಿನ ಪರಪ್ಪನ ಅಗ್ರಹಾರದ ಸುತ್ತಲಿನ ಬಡಾವಣೆಯವರದ್ದೂ ಇದೇ ದೂರು.

ಅಲ್ಲಿ ಸರ್ಕಾರದ್ದೇ ಯಂತ್ರ, ಎಂಜಿನಿಯರ್‌ಗಳು ಅಳೆದು ಕೂರಿಸಿದ್ದು. ಅದೇ ಗೋಡೆಯೊಳಗೆ ನಿಲ್ಲಲಿಲ್ಲ. ನಿಮ್ಮ ವಾಟ್ಸಾಪ್ ವ್ಯಾಪಾರಿ ಗ್ಯಾರಂಟಿ ಕೊಡ್ತಾನಂತೆ ಮಾರಾಯ್ರೆ.

ಮಲೆನಾಡ ಹ್ಯಾಮ್

ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಸ್ವಂತ ವೈರ್‌ಲೆಸ್‌ನಲ್ಲಿ ಮಾತಾಡೋದು, ನನ್ನ ಹವ್ಯಾಸ. ಗೋಡೆಯೊಳಗೆ ಯಾಕೆ ನಿಲ್ಲುವುದಿಲ್ಲ ಅಂತ ಹೇಳ್ತೀನಿ.

ಜಾಮರ್ ಸಿಗ್ನಲ್ಲನ್ನು ನಿಲ್ಲಿಸುವುದಿಲ್ಲ. ಟವರ್‌ನ ಸಿಗ್ನಲ್ ಬಂದೇ ಬರುತ್ತದೆ. ಜಾಮರ್ ಅದೇ ತರಂಗದಲ್ಲಿ ಗದ್ದಲ ತುಂಬುತ್ತದೆ. ಜಾತ್ರೆಯಲ್ಲಿ ಮೈಕಿನ ಪಕ್ಕ ನಿಂತು ಮಾತಾಡಿದ ಹಾಗೆ, ಮಾತು ಇದೆ, ಕಿವಿಗೆ ಬೀಳೋಲ್ಲ. ಎಷ್ಟು ದೂರದವರೆಗೆ ಗದ್ದಲ ಗೆಲ್ಲುತ್ತದೆ ಅನ್ನುವುದು ಟವರ್ ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಟವರ್ ಎದುರಿಗೇ ಇದ್ದರೆ ಜಾಮರ್ ಒಂದು ರೂಮು ಮುಚ್ಚಲಿಕ್ಕೂ ಒದ್ದಾಡುತ್ತದೆ. ಟವರ್ ಎರಡು ಕಿಲೋಮೀಟರ್ ದೂರ ಇದ್ದರೆ ಅದೇ ಪೆಟ್ಟಿಗೆ ಇಡೀ ಬೀದಿಯನ್ನು ಮುಚ್ಚುತ್ತದೆ. 'ಇಪ್ಪತ್ತು ಮೀಟರ್ ರೇಂಜ್' ಅನ್ನುವ ಮಾತಿಗೆ ಅರ್ಥವೇ ಇಲ್ಲ. ಕಿಟಕಿ ಪಕ್ಕ ಒಂದು ಲೆಕ್ಕ, ಬಚ್ಚಲು ಮನೆಯಲ್ಲಿ ಇನ್ನೊಂದು ಲೆಕ್ಕ.

ಅಗ್ಗದ ಪೆಟ್ಟಿಗೆಗಳಲ್ಲಿ ಗದ್ದಲ ಪಕ್ಕದ ತರಂಗಕ್ಕೆ ಚೆಲ್ಲದಂತೆ ತಡೆಯುವ ಫಿಲ್ಟರ್ ಇರೋಲ್ಲ. ಇದೇ ದೊಡ್ಡ ಕಥೆ. 850ರ ಬ್ಯಾಂಡಿನಲ್ಲಿ (ಬ್ಯಾಂಡ್ ಅಂದರೆ ಮೊಬೈಲ್‌ಗೆ ಮೀಸಲಿಟ್ಟ ತರಂಗಗಳ ಪಟ್ಟಿ) ಟವರ್‌ನಿಂದ ಫೋನಿಗೆ ಬರುವ ಸಿಗ್ನಲ್ 869ರಿಂದ 894 ಮೆಗಾಹರ್ಟ್ಜ್. ಅದರ ಅಂಚಿಗೇ 890ರಿಂದ 915. ಅದು 900ರ ಬ್ಯಾಂಡಿನಲ್ಲಿ ಫೋನಿನಿಂದ ಟವರ್‌ಗೆ ಹೋಗುವ ದಾರಿ. 850 ಮುಚ್ಚಲು ಹೊರಟ ಜಾಮರ್ ಈ ಕಡೆಗೂ ಚೆಲ್ಲುತ್ತದೆ. ಆಗ ಕಿವುಡಾಗುವುದು ನಿಮ್ಮ ಹುಡುಗರ ಫೋನಲ್ಲ, ಟವರೇ. ಆ ಟವರ್‌ನ ಆ ಕಡೆಯ ಎಲ್ಲ ಮನೆಗಳಿಗೂ ಏಟು. ಕೆಳಗಿನ ಅಂಚಿನಲ್ಲಿ 865ರ ಆಸುಪಾಸು ಫಾಸ್ಟ್ಯಾಗ್ ಓದುವ ಯಂತ್ರಗಳಿವೆ, ಅದು ಇನ್ನೊಂದು ತಲೆನೋವು.

ಗಡಿಬಿಡಿ ಗುರು

ಇಷ್ಟೆಲ್ಲ ಯಾಕೆ ಹೆದರಿಸ್ತೀರಿ? ರಾತ್ರಿ ಮಾತ್ರ ಆನ್ ಮಾಡಿದರೆ ಯಾರಿಗೆ ಗೊತ್ತಾಗುತ್ತೆ? ಯಾರು ಬಂದು ನೋಡ್ತಾರೆ? ಎಷ್ಟೋ ಕಡೆ ಇವೆ ಬಿಡ್ರಿ.

ಟವರ್ ಮೇಲಿನವ, ಹುಬ್ಬಳ್ಳಿ

ಗುರುಗಳೇ, ರಾತ್ರಿ ಮಾತ್ರ ಆನ್ ಮಾಡಿದರೇ ಬೇಗ ಸಿಕ್ಕಿಬೀಳೋದು. ನಮ್ಮ ಕೆಲಸವೇ ಅದು.

ಪ್ರತಿ ಟವರ್‌ಗೆ ಸಾಮಾನ್ಯವಾಗಿ ಮೂರು ಮುಖ ಇರುತ್ತವೆ, ಮೂರು ದಿಕ್ಕಿಗೆ. ಪ್ರತಿ ಮುಖದಲ್ಲಿ ಎಷ್ಟು ಗದ್ದಲ ಕೇಳಿಸ್ತಿದೆ ಅನ್ನುವ ಲೆಕ್ಕ ದಿನವಿಡೀ ದಾಖಲಾಗುತ್ತದೆ. ಮಾಮೂಲಿ ದಿನ ಅದು ಮೈನಸ್ 110 ಡಿಬಿಎಂ ಹತ್ತಿರ ಮಲಗಿರುತ್ತದೆ (ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು). ಜಾಮರ್ ಆನ್ ಆದರೆ ಮೈನಸ್ 85ಕ್ಕೆ ನೆಟ್ಟಗೆ ಏಳುತ್ತದೆ. ಗ್ರಾಫ್ ನೋಡಿದರೆ ಗೋಡೆ ಕಟ್ಟಿದ ಹಾಗೆ. ಹನ್ನೊಂದಕ್ಕೆ ಏರಿತು, ಬೆಳಗ್ಗೆ ಐದಕ್ಕೆ ಇಳಿಯಿತು. ಮರುದಿನವೂ ಅಷ್ಟೇ. ಕೆಟ್ಟುಹೋದ ಕೇಬಲ್ ಹೀಗೆ ಗಡಿಯಾರ ನೋಡಿ ಕೆಡೋಲ್ಲ. ಭಾನುವಾರ ಇಲ್ಲ ಅಂದರೆ ಆಫೀಸು. ದಸರಾ ರಜೆಯಲ್ಲಿ ಇಲ್ಲ ಅಂದರೆ ಶಾಲೆ ಕಾಲೇಜು.

ಆಮೇಲೆ ನಾವು ಹೋಗ್ತೀವಿ. ಕೈಯಲ್ಲಿ ಮೀನಿನ ಮುಳ್ಳಿನ ಆಕಾರದ ಆಂಟೆನಾ, ಕೊರಳಿಗೆ ಯಾವ ತರಂಗದಲ್ಲಿ ಎಷ್ಟು ಗದ್ದಲ ಅಂತ ತೋರಿಸುವ ಸ್ಪೆಕ್ಟ್ರಂ ಅನಲೈಜರ್. ಎರಡು ಮೂರು ಮಹಡಿ ಮೇಲೆ ನಿಂತು ಯಾವ ಕಡೆ ಜೋರಾಗಿದೆ ನೋಡಿ ನಕ್ಷೆಯಲ್ಲಿ ಗೆರೆ ಎಳೆದರೆ ಗೆರೆಗಳು ಕೂಡುವ ಜಾಗ ಸಿಗುತ್ತದೆ. ಬಾಗಿಲು ಬಡಿಯುವ ಅಧಿಕಾರ ನಮಗಿಲ್ಲ. ಅದಕ್ಕೆ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ವಿಭಾಗಕ್ಕೆ ದೂರು ಕೊಡ್ತೀವಿ. ಅವರ ಹತ್ತಿರ ವ್ಯಾನೇ ಇದೆ.

ಒಮ್ಮೆ ಹೀಗೆ ಹುಡುಕಿದಾಗ ಸಿಕ್ಕಿದ್ದು ಜಾಮರ್ ಅಲ್ಲ, ಒಂದು ಪಿಜಿ ಮಾಳಿಗೆ ಮೇಲಿನ ಬೂಸ್ಟರ್. ಸಿಗ್ನಲ್ ಜಾಸ್ತಿ ಮಾಡಿಕೊಳ್ಳಲು ಆನ್‌ಲೈನಲ್ಲಿ ತರಿಸಿ ಹಾಕಿದ್ದರು. ಅದೂ ಕಾನೂನುಬಾಹಿರ, ಲೈಸೆನ್ಸ್ ಇರುವ ಮೊಬೈಲ್ ಕಂಪನಿ ಬಿಟ್ಟು ಬೇರೆಯವರು ಹಾಕುವ ಹಾಗಿಲ್ಲ. ಅವರ ಪಿಜಿಯಲ್ಲಿ ಐದು ಕಡ್ಡಿ ನೆಟ್‌ವರ್ಕ್, ಸುತ್ತಮುತ್ತಲಿನವರಿಗೆ ಒಂದೂ ಇಲ್ಲ. ಹೇಳಿದರೆ ನಂಬಲೇ ಇಲ್ಲ. ಪ್ಲಗ್ ಕಿತ್ತು ತೋರಿಸಿದೆವು, ಎದುರು ಮನೆ ಅಜ್ಜಿಯ ಫೋನು ಅಲ್ಲೇ ರಿಂಗಾಯಿತು.

ಜೆರ್ಸಿ ಕನ್ನಡಿಗ

'ಯಾರು ಬಂದು ನೋಡ್ತಾರೆ' ಅಂದವರಿಗೆ ನಾನಿರುವ ಅಮೆರಿಕದ, ಯುರೋಪಿನ ಒಂದೆರಡು ಕಥೆ. ಎಲ್ಲ ಸರ್ಕಾರಿ ದಾಖಲೆಯಲ್ಲೇ ಇರುವಂಥವು.

ಫ್ಲಾರಿಡಾದಲ್ಲಿ ಒಬ್ಬ ಮನುಷ್ಯ ದಿನಾ ಟ್ಯಾಂಪಾ ಕಡೆ ಹೆದ್ದಾರಿಯಲ್ಲಿ ಓಡಾಡುತ್ತಿದ್ದ. ಬೇರೆಯವರು ಕಾರು ಓಡಿಸುತ್ತ ಫೋನಿನಲ್ಲಿ ಮಾತಾಡುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಸೀಟಿನ ಕವರ್ ಹಿಂದೆ ಜಾಮರ್ ಇಟ್ಟುಕೊಂಡ. ಉದ್ದೇಶ ಒಳ್ಳೆಯದೇ ಅಲ್ವಾ? 2013ರಲ್ಲಿ ಮೊಬೈಲ್ ಕಂಪನಿ ದೂರು ಕೊಟ್ಟಿತು, ದಿನಾ ಬೆಳಗ್ಗೆ ಸಂಜೆ ಅದೇ ರಸ್ತೆಯ ಟವರ್‌ಗಳಿಗೆ ಏಟು ಅಂತ. ಇಲ್ಲಿನ ಸಂವಹನ ಆಯೋಗ ಎಫ್‌ಸಿಸಿ ವಾಹನ ಪತ್ತೆ ಮಾಡಿತು. ಪೊಲೀಸರು ಕಾರನ್ನು ನಿಲ್ಲಿಸಲು ಹತ್ತಿರ ಹೋದರೆ ಅವರದ್ದೇ ವೈರ್‌ಲೆಸ್ ಕಟ್. 48,000 ಡಾಲರ್ ದಂಡ ಬಿತ್ತು.

ಮೇಷ್ಟ್ರಿಗೆ ಹತ್ತಿರದ್ದು ಎರಡು ಇವೆ. 2015ರಲ್ಲಿ ಅದೇ ಫ್ಲಾರಿಡಾದಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಮಕ್ಕಳು ಫೋನ್ ನೋಡಬಾರದು ಅಂತ ಜಾಮರ್ ಇಟ್ಟರು. ಶಾಲೆಯ ಜಾಗದಲ್ಲೇ ಟವರ್ ಇತ್ತು. ಕಂಪನಿಗೆ ಗೊತ್ತಾಯಿತು. ಸಂಬಳ ಇಲ್ಲದೆ ಐದು ದಿನ ಅಮಾನತು. ಇನ್ನೊಂದು ಫ್ರಾನ್ಸಿನ ಮೆಸಾಂಜ್ ಅನ್ನುವ ಊರಿನದ್ದು, 2022ರಲ್ಲಿ ಸುದ್ದಿಯಾಯಿತು. ದಿನಾ ಮಧ್ಯರಾತ್ರಿಯಿಂದ ಮೂರು ಗಂಟೆವರೆಗೆ ಊರಿಗೆ ಫೋನೂ ಇಲ್ಲ, ನೆಟ್ಟೂ ಇಲ್ಲ. ತರಂಗಗಳ ಉಸ್ತುವಾರಿ ಸಂಸ್ಥೆಯವರು ರಾತ್ರಿ ಬಂದು ಹುಡುಕಿದರೆ ಒಬ್ಬ ಅಪ್ಪ. ಮಕ್ಕಳು ಲಾಕ್‌ಡೌನ್‌ನಿಂದ ಫೋನಿಗೆ ಅಂಟಿಕೊಂಡಿದ್ದಾರೆ, ಮಲಗಲಿ ಅಂತ ಜಾಮರ್ ಹಾಕುತ್ತಿದ್ದ. ಪಕ್ಕದ ಊರಿನವರ ನೆಟ್ಟೂ ಹೋಗುತ್ತಿತ್ತು. ಅಲ್ಲಿನ ಕಾನೂನಿನಲ್ಲಿ ಇದಕ್ಕೆ 6 ತಿಂಗಳವರೆಗೆ ಜೈಲು, 30,000 ಯೂರೋವರೆಗೆ ದಂಡ.

ಮಾರುವವರನ್ನೂ ಬಿಡುವುದಿಲ್ಲ. 2014ರಲ್ಲಿ ಚೀನಾದ ಒಂದು ಆನ್‌ಲೈನ್ ಕಂಪನಿಗೆ ಎಫ್‌ಸಿಸಿ 3 ಕೋಟಿ 49 ಲಕ್ಷ ಡಾಲರ್ ದಂಡ ಹೇಳಿತು. ಅದರ ಪಟ್ಟಿಯಲ್ಲಿ 285 ಬಗೆಯ ಜಾಮರ್ ಇದ್ದವು.

ಬೆಣ್ಣೆದೋಸೆ

ನಾನೂ ಒಬ್ಬ ಹಾಸ್ಟೆಲ್ ಹುಡುಗನ ತಾಯಿ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನನ್ನ ಮಗನಿಗೆ ಟೈಪ್ ಒನ್ ಸಕ್ಕರೆ ಕಾಯಿಲೆ. ತೋಳಿನ ಮೇಲೆ ಸೆನ್ಸರ್ ಅಂಟಿಸಿದೆ. ಅದು ಬ್ಲೂಟೂತ್‌ನಿಂದ ಅವನ ಫೋನಿಗೆ, ಫೋನಿನಿಂದ ನೆಟ್ ಮೂಲಕ ನನ್ನ ಫೋನಿಗೆ ಲೆಕ್ಕ ಕಳಿಸುತ್ತೆ. ರಾತ್ರಿ ಎರಡಕ್ಕೆ ಸಕ್ಕರೆ 60ಕ್ಕಿಂತ ಕೆಳಗಿಳಿದರೆ ನನ್ನ ಫೋನ್ ಕೂಗುತ್ತೆ, ನಾನು ಅವರ ವಾರ್ಡನ್‌ಗೆ ಫೋನ್ ಮಾಡ್ತೀನಿ. ಎಂಟು ಆಂಟೆನಾದ ಪೆಟ್ಟಿಗೆಯಲ್ಲಿ ವೈಫೈ, ಬ್ಲೂಟೂತೂ ಸೇರಿರುತ್ತಾ?

ಮಲೆನಾಡ ಹ್ಯಾಮ್

ಸಾಮಾನ್ಯವಾಗಿ ಸೇರಿರುತ್ತೆ ಅಮ್ಮ. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಜ್‌ನಲ್ಲೇ, ಬಹಳಷ್ಟು ವೈಫೈ ಕೂಡ ಅಲ್ಲೇ. ಒಂದು ಆಂಟೆನಾ ಸಾಕು. ಸೆನ್ಸರ್ ಫೋನಿಗೆ ಹೇಳಲಾಗದು, ಫೋನ್ ನಿಮಗೆ ಹೇಳಲಾಗದು, ನೀವು ವಾರ್ಡನ್‌ಗೆ ಫೋನ್ ಮಾಡಿದರೆ ಅವರು ವ್ಯಾಪ್ತಿ ಪ್ರದೇಶದ ಹೊರಗೆ. 112ಕ್ಕೂ ಕರೆ ಹೋಗೋಲ್ಲ. ತುರ್ತು ಕರೆ ಅಂತ ಬೇರೆ ತರಂಗ ಏನೂ ಇಲ್ಲ, ಅದೇ ಟವರ್, ಅದೇ ಬ್ಯಾಂಡ್.

ವಾರ್ಡನ್ ಮೇಷ್ಟ್ರು, ದಾವಣಗೆರೆ

ಅಮ್ಮ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಹಾಸ್ಟೆಲ್ ಎದುರಿಗೆ ಒಂದು ಕಿರಾಣಿ ಅಂಗಡಿಯೂ ಇದೆ. ಅವರ 'ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ' ಪೆಟ್ಟಿಗೆಯೂ ಸಿಮ್ಮಿನದ್ದೇ ಅಲ್ವಾ?

ಟವರ್ ಮೇಲಿನವ, ಹುಬ್ಬಳ್ಳಿ

ಹೌದ್ರಿ, ಸಿಮ್ಮಿನದ್ದೇ. ಮೊದಲ ದೂರು ಅಲ್ಲಿಂದಲೇ ಬರೋದು.

ಲಾರಿ ಯಜಮಾನ, ಚಿತ್ರದುರ್ಗ

ನಡುವೆ ಬಂದಿದ್ದಕ್ಕೆ ಕ್ಷಮೆ ಇರಲಿ. ನಮ್ಮದು ಐದು ಲಾರಿ. ಒಂದು ಗಾಡಿಯ ಜಿಪಿಎಸ್ ಹಿರಿಯೂರು ದಾಟಿದ ಮೇಲೆ ಆಗಾಗ ಮಾಯ. ಅರ್ಧ ಗಂಟೆ ಬಿಟ್ಟು ಬೇರೆಲ್ಲೋ ಕಾಣುತ್ತದೆ. ಡ್ರೈವರ್ 'ಸ್ಯಾಟಲೈಟ್ ಪ್ರಾಬ್ಲಂ ಅಣ್ಣ' ಅಂತಾನೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಪುಟ್ಟ ಜಾಮರ್ ಇದೆಯಂತೆ, ಹೌದಾ?

ಮಲೆನಾಡ ಹ್ಯಾಮ್

ಇದೆ ಯಜಮಾನ್ರೇ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಆದರೆ ಡ್ರೈವರ್ ಮೇಲೆ ಹಾರಬೇಡಿ, ಟ್ರ್ಯಾಕರ್ ಆಂಟೆನಾ ಸಡಿಲವಾಗಿದ್ದರೂ ಹೀಗೇ ಆಗುತ್ತೆ. ಲಾಗ್ ತೆಗೆಸಿ ನೋಡಿ. ಸಿಮ್ ನೆಟ್‌ವರ್ಕ್ ಇದ್ದು ಜಿಪಿಎಸ್ ಮಾತ್ರ, ಬಯಲು ರಸ್ತೆಯಲ್ಲಿ, ಒಮ್ಮೆಲೇ ಸೊನ್ನೆಯಾದರೆ ಅನುಮಾನ ಪಡಬಹುದು. ಈಗಿನ ಕೆಲವು ಟ್ರ್ಯಾಕರ್ 'ಜಾಮಿಂಗ್' ಅಂತಲೇ ಎಚ್ಚರಿಕೆ ಕಳಿಸುತ್ತವೆ.

ಜಿಪಿಎಸ್ ಉಪಗ್ರಹ ಇರೋದು 20,000 ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಸಿಗ್ನಲ್ ಎಷ್ಟು ಕ್ಷೀಣ ಅಂದರೆ ಆ ಪುಟ್ಟ ಕಡ್ಡಿ ಸಾಕು, ಲಾರಿಯ ಸುತ್ತ ಬಹಳ ದೂರ ಹಾಳು ಮಾಡಲಿಕ್ಕೆ.

ಜೆರ್ಸಿ ಕನ್ನಡಿಗ

ನಾನಿರುವ ಕಡೆಯದ್ದೇ ಕಥೆ. 2012ರಲ್ಲಿ ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ಸಹಾಯ ಮಾಡುವ ಹೊಸ ಜಿಪಿಎಸ್ ವ್ಯವಸ್ಥೆಯ ಪರೀಕ್ಷೆ ನಡೆಯುತ್ತಿತ್ತು. ಅದಕ್ಕೆ ಅಡ್ಡಿ. ಹುಡುಕಿದರೆ ಕಂಪನಿ ಪಿಕಪ್ ಗಾಡಿಯ ಒಬ್ಬ ಡ್ರೈವರ್. ತಾನೆಲ್ಲಿದ್ದೇನೆ ಅಂತ ಯಜಮಾನನಿಗೆ ಗೊತ್ತಾಗಬಾರದು, ಅಷ್ಟೇ ಅವನ ಆಸೆ. 31,875 ಡಾಲರ್ ದಂಡ, ಕೆಲಸವೂ ಹೋಯಿತು. 2017ರಲ್ಲಿ ಫ್ರಾನ್ಸಿನ ನಾಂತ್ ವಿಮಾನ ನಿಲ್ದಾಣದಲ್ಲಿ ಒಬ್ಬ ಕಾರು ನಿಲ್ಲಿಸಿ, ಒಳಗಿನ ಜಾಮರ್ ಆರಿಸದೇ ವಿಮಾನ ಹತ್ತಿ ಹೋದ. ವಿಮಾನಗಳು ತಡವಾದವು. ಅವನಿಗೆ 2,000 ಯೂರೋ ದಂಡ.

ಟವರ್ ಮೇಲಿನವ, ಹುಬ್ಬಳ್ಳಿ

ಲಾರಿಯವರಿಗೆ ಇನ್ನೊಂದು. ನಮ್ಮ 4ಜಿ, 5ಜಿಯ ಕೆಲವು ಬ್ಯಾಂಡ್‌ಗಳಿಗೆ ಟವರ್‌ಗಳೆಲ್ಲ ಒಂದೇ ಗಡಿಯಾರ ಹಿಡಿಯಬೇಕು. ಆ ಸಮಯ ಬರೋದೂ ಜಿಪಿಎಸ್‌ನಿಂದ. ಪ್ರತಿ ಕ್ಯಾಬಿನ್ ಮೇಲೆ ಅಣಬೆ ಥರದ ಬಿಳಿ ಆಂಟೆನಾ ನೋಡಿರ್ತೀರಿ. ಹೆದ್ದಾರಿ ಪಕ್ಕದ ಒಂದು ಢಾಬಾ ಹತ್ತಿರ ನಮ್ಮ ಟವರ್‌ನಿಂದ ರಾತ್ರಿ ಊಟದ ಹೊತ್ತಿಗೇ ಜಿಪಿಎಸ್ ತಪ್ಪಿತು ಅಂತ ಅಲಾರಂ ಬರ್ತಿತ್ತು. ಲಾರಿ ಊಟಕ್ಕೆ ನಿಂತಾಗ ಶುರು, ಹೊರಟಾಗ ಸರಿ. ಸ್ವಲ್ಪ ಹೊತ್ತಾದರೆ ಟವರ್ ತನ್ನ ಗಡಿಯಾರದಲ್ಲೇ ನಿಭಾಯಿಸುತ್ತೆ. ಜಾಸ್ತಿ ಹೊತ್ತಾದರೆ ಪಕ್ಕದ ಟವರ್‌ಗಳ ಜೊತೆ ಜಗಳ.

ಗಡಿಬಿಡಿ ಗುರು

ಸರಿ ಮಾರಾಯ್ರೆ, ಜಾಮರ್ ಬೇಡ. ವೈಫೈ ಮಾತ್ರ ಕಟ್ ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಹುಡುಗರ ಹಾಟ್‌ಸ್ಪಾಟ್ ಕಿತ್ತೆಸೆಯುತ್ತೆ. ಅದಾದರೂ ಆಗುತ್ತಾ?

ಜೆರ್ಸಿ ಕನ್ನಡಿಗ

ಮ್ಯಾರಿಯಟ್ ಹೋಟೆಲ್‌ನವರು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾಡಿದ್ದು ಅದನ್ನೇ. ಅತಿಥಿಗಳ ಹಾಟ್‌ಸ್ಪಾಟ್ ಕಡಿಸಿ, ತಮ್ಮ ವೈಫೈಗೆ ಸಾವಿರ ಡಾಲರ್‌ವರೆಗೂ ಬೆಲೆ ಇಟ್ಟಿದ್ದರು. 2014ರಲ್ಲಿ 6 ಲಕ್ಷ ಡಾಲರ್ ಕಕ್ಕಿದರು. ಅಲ್ಲಿ ಜಾಮರ್ ಪೆಟ್ಟಿಗೆಯೇ ಇರಲಿಲ್ಲ.

ಕರಿಕೋಟು, ಮೈಸೂರು

ನಿಮ್ಮ ಸ್ವಂತ ರೌಟರ್ ಹನ್ನೊಂದಕ್ಕೆ ಆರಿಸಿ, ಯಾರೂ ಕೇಳೋಲ್ಲ. ಬೇರೆಯವರ ಸಂಪರ್ಕ ಕಡಿಯಲು ಹೋಗಬೇಡಿ. ಫೋನ್ ಇಟ್ಟುಕೊಳ್ಳುವ ಹೊತ್ತಿನ ನಿಯಮವನ್ನು ಪ್ರವೇಶದ ಫಾರಂನಲ್ಲೇ ಬರೆದು ಪೋಷಕರ ಸಹಿ ತಗೊಳ್ಳಿ.

ನಿರ್ವಾಹಕರು

ಈ ಎಳೆಯಲ್ಲಿ ಜಾಮರ್ ಮಾರುವವರೊಬ್ಬರು ಫೋನ್ ನಂಬರ್ ಹಾಕಿದ್ದರು. ತೆಗೆದಿದ್ದೇವೆ, ಖಾತೆಯೂ ಹೋಗಿದೆ. ಯಾವ ಸೈಟಿನಲ್ಲಿ ಸಿಗುತ್ತೆ ಅಂತ ಕೇಳುವ ಪೋಸ್ಟ್‌ಗಳನ್ನೂ ತೆಗೆಯುತ್ತೇವೆ.

ವಾರ್ಡನ್ ಮೇಷ್ಟ್ರು, ದಾವಣಗೆರೆ

ಮಂಡಳಿಯವರಿಗೆ ಈ ಎಳೆಯನ್ನೇ ಓದಿ ಹೇಳಿದೆ. 2 ಕೋಟಿ ಅನ್ನೋದು ಕಿವಿಗೆ ಬಿದ್ದ ಮೇಲೆ ಯಾರೂ ಜಾಮರ್ ಮಾತೆತ್ತಲಿಲ್ಲ. ಈಗ ಬಡಗಿಗೆ ಹೇಳಿ ನೂರಿಪ್ಪತ್ತು ಗೂಡಿನ ಮರದ ಕಪಾಟು ಮಾಡಿಸ್ತಿದ್ದೇವೆ. ರಾತ್ರಿ ಹತ್ತೂವರೆಗೆ ಫೋನ್ ಕೊಟ್ಟು ಟೋಕನ್ ತಗೊಳ್ಳೋದು, ಬೆಳಗ್ಗೆ ಆರಕ್ಕೆ ವಾಪಸ್. ಆರೋಗ್ಯದ ತೊಂದರೆ ಇರುವವರ ಫೋನ್ ಅವರ ಹತ್ತಿರವೇ. ಎರಡನೇ ಫೋನಿನ ಸಮಸ್ಯೆ ಹಾಗೇ ಇದೆ, ಅದಕ್ಕೆ ಅವಲಕ್ಕಿ ಡಬ್ಬ ನೋಡುತ್ತಿರಬೇಕು ಅಷ್ಟೇ. ಪ್ರತಿ ಗೂಡಿಗೂ ಚಾರ್ಜಿಂಗ್ ಪಾಯಿಂಟ್ ಕೊಡೋಣ ಅಂತ ಎಲೆಕ್ಟ್ರಿಷಿಯನ್ ಅಂತಿದ್ದಾನೆ. ಕೊಡಬಹುದಾ?

ಟವರ್ ಮೇಲಿನವ, ಹುಬ್ಬಳ್ಳಿ

ಬ್ಯಾಡ್ರಿ ಸರ್. ಮುಚ್ಚಿದ ಮರದ ಕಪಾಟಿನಲ್ಲಿ ನೂರಿಪ್ಪತ್ತು ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಆಗೋದು ಒಳ್ಳೇದಲ್ಲ, ಯಾರ ಚಾರ್ಜರ್ ಎಂಥದ್ದೋ. ಸಂಜೆ ಓದುವ ಹೊತ್ತಿನಲ್ಲಿ ಹಾಲಿನಲ್ಲಿ ಎಲ್ಲರ ಕಣ್ಣೆದುರು ಚಾರ್ಜ್ ಮಾಡಿಸಿ. ಕಪಾಟಿಗೆ ಕರೆಂಟೇ ಬೇಡ. ಸಾಧ್ಯ ಆದರೆ ಮರದ ಬದಲು ತಗಡಿನದ್ದು ಮಾಡಿಸಿ, ಗಾಳಿಯಾಡೋ ಹಾಗೆ ಬಾಗಿಲಿಗೆ ಜಾಲರಿ ಇರಲಿ.